ಅಕ್ಕಿ ಮಿಲ್ಲಿನ ಕಲರ್ ಸಾರ್ಟರ್‌ನಲ್ಲಿ ನಾನು ಟಾಸ್ಕ್ ಸಮಯ ಅಳೆದದ್ದು ಹೀಗೆ

ಗಂಗಾವತಿ, ಕಾರಟಗಿ ಕಡೆಯ ಅಕ್ಕಿ ಮಿಲ್‌ಗಳಿಗೆ ಕಲರ್ ಸಾರ್ಟರ್ ಬೋರ್ಡ್‌ಗಳ ರಿಪೇರಿ, ಫರ್ಮ್‌ವೇರ್ ಕೆಲಸ ಮಾಡಿಕೊಡುತ್ತೇನೆ. ಪಾಲಿಶ್ ಆದ ಅಕ್ಕಿ ಚ್ಯೂಟ್ ಮೇಲಿಂದ ಜಾರುತ್ತಾ ಬರುತ್ತದೆ. ಕ್ಯಾಮೆರಾ ಅದರಲ್ಲಿನ ಕಪ್ಪು ಕಾಳನ್ನು ಹಿಡಿಯುತ್ತದೆ. ಆ ಕಾಳು ನಾಝಲ್ ಎದುರು ಬಂದ ಕ್ಷಣಕ್ಕೆ ಗಾಳಿ ವಾಲ್ವ್ ತೆರೆದು ಅದನ್ನು ಆಚೆ ಹೊಡೆಯಬೇಕು.

ಈ ಮೆಷಿನ್‌ನಲ್ಲಿ ಕಾಳಿನ ವೇಗ ಸೆಕೆಂಡಿಗೆ ಸುಮಾರು 3 ಮೀಟರ್. ಅಂದರೆ 1 ಮಿಲಿಸೆಕೆಂಡಿಗೆ 3 ಮಿಲಿಮೀಟರ್. ಸೋನಾ ಮಸೂರಿ ಕಾಳಿನ ಉದ್ದವೇ 5 ಮಿಲಿಮೀಟರ್ ಆಸುಪಾಸು. ವಾಲ್ವ್ 2 ಮಿಲಿಸೆಕೆಂಡ್ ತಡವಾದರೆ ಕಪ್ಪು ಕಾಳು ದಾಟಿ ಹೋಗಿರುತ್ತದೆ, ಹಿಂದೆ ಬರುವ ಒಳ್ಳೆ ಕಾಳಿಗೆ ಏಟು ಬೀಳುತ್ತದೆ. ಆಪರೇಟರ್ ಹೇಳಿದ್ದೂ ಅದೇ: "ಸರ, ಒಮ್ಮೊಮ್ಮೆ ಒಳ್ಳೆ ಅಕ್ಕಿನೂ ರಿಜೆಕ್ಷನ್‌ಗೆ ಹೊಂಟೈತ್ರಿ. ಆಮ್ಯಾಲೆ ತಾನಾ ಸರಿ ಆಗ್ತೈತಿ."

ಬೋರ್ಡ್‌ನಲ್ಲಿದ್ದದ್ದು 168 ಮೆಗಾಹರ್ಟ್ಸ್‌ನಲ್ಲಿ ಓಡುವ ಕಾರ್ಟೆಕ್ಸ್-ಎಂ4 ಚಿಪ್, ಮೇಲೆ ಫ್ರೀಆರ್‌ಟಿಒಎಸ್, ಅಂದರೆ ಟಾಸ್ಕ್ ಅನ್ನುವ ಬೇರೆ ಬೇರೆ ಕೆಲಸಗಳಿಗೆ ಪ್ರಯಾರಿಟಿ ನೋಡಿ ಸಿಪಿಯು ಹಂಚುವ ಚಿಕ್ಕ ಆಪರೇಟಿಂಗ್ ಸಿಸ್ಟಮ್. ಫ್ರೀಆರ್‌ಟಿಒಎಸ್‌ನ ರನ್-ಟೈಮ್ ಲೆಕ್ಕದಲ್ಲಿ ಎಲ್ಲ ಚೆನ್ನಾಗಿಯೇ ಕಂಡಿತು. ವಾಲ್ವ್ ಟಾಸ್ಕ್ ತಿನ್ನುವ ಸಿಪಿಯು ತೀರಾ ಕಡಿಮೆ. ಆದರೆ ಆ ಲೆಕ್ಕ ಹೇಳುವುದು ಟಾಸ್ಕ್ ಎಷ್ಟು ಹೊತ್ತು ಓಡಿತು ಅಂತ ಮಾತ್ರ. ಓಡುವ ಮುಂಚೆ ಎಷ್ಟು ಕಾಯಿತು ಅಂತ ಅಲ್ಲ. ಗಿರಣಿಯಲ್ಲಿ ಹಿಟ್ಟು ಬೀಸಲು ಐದೇ ನಿಮಿಷ ಸಾಕು, ಪಾಳಿಯಲ್ಲಿ ನಿಂತದ್ದು ಒಂದು ಗಂಟೆ. ಮನೆಯವರಿಗೆ ಗೊತ್ತಾಗುವುದು ಎರಡೂ ಕೂಡಿದ ಹೊತ್ತು, ಅಲ್ವಾ? ವಾಲ್ವ್‌ಗೂ ಅಷ್ಟೇ.

ಹಾಗಾಗಿ ಅಳತೆಯನ್ನು ಇಂಟರಪ್ಟ್‌ನಿಂದಲೇ (ಸಿಗ್ನಲ್ ಬಂದಾಗ ಸಿಪಿಯು ಕೈಯಲ್ಲಿನ ಕೆಲಸ ಬಿಟ್ಟು ಅದನ್ನು ನೋಡುವ ಕ್ಷಣ) ಶುರು ಮಾಡಿದೆ. ಕ್ಯಾಮೆರಾ ಬೋರ್ಡ್‌ನ ಸಿಗ್ನಲ್ ಬಂದ ಕೂಡಲೇ ಚಿಪ್ ಒಳಗಿನ ಸೈಕಲ್ ಕೌಂಟರ್ ಓದಿ ಇಟ್ಟುಕೊಳ್ಳುವುದು. ಟಾಸ್ಕ್ ಎದ್ದಾಗ ಒಮ್ಮೆ, ವಾಲ್ವ್‌ನ ಟೈಮರ್ ಸೆಟ್ ಮಾಡಿ ಮುಗಿದಾಗ ಇನ್ನೊಮ್ಮೆ. 168 ಸೈಕಲ್ ಅಂದರೆ 1 ಮೈಕ್ರೋಸೆಕೆಂಡ್. ಆ 32 ಬಿಟ್ ಕೌಂಟರ್ ಸುಮಾರು 25 ಸೆಕೆಂಡಿಗೊಮ್ಮೆ ತುಂಬಿ ಸೊನ್ನೆಗೆ ಮರಳುತ್ತದೆ. ಅನ್‌ಸೈನ್ಡ್ (ಮೈನಸ್ ಇಲ್ಲದ ಸಂಖ್ಯೆ) ಆಗಿ ಕಳೆದರೆ ಅದರಿಂದ ಏನೂ ತೊಂದರೆ ಇಲ್ಲ. ಕಾರ್ಟೆಕ್ಸ್-ಎಂ0 ಚಿಪ್‌ಗಳಲ್ಲಿ ಈ ಕೌಂಟರ್ ಇರುವುದಿಲ್ಲ, ಅಲ್ಲಿ ಒಂದು ಟೈಮರ್ ಮೀಸಲಿಡಬೇಕು.

ಬಂದ ಸಂಖ್ಯೆಯನ್ನು ಅಲ್ಲೇ ಪ್ರಿಂಟ್ ಮಾಡಬೇಡಿ. ಸೀರಿಯಲ್ ಪೋರ್ಟ್ 115200 ವೇಗದಲ್ಲಿದ್ದರೂ ಒಂದು ಅಕ್ಷರಕ್ಕೆ 87 ಮೈಕ್ರೋಸೆಕೆಂಡ್ ಹಿಡಿಯುತ್ತದೆ. ನಲವತ್ತು ಅಕ್ಷರದ ಸಾಲಿಗೆ ಹತ್ತಿರ ಹತ್ತಿರ ಮೂರೂವರೆ ಮಿಲಿಸೆಕೆಂಡ್. ನನ್ನ ಟಾಸ್ಕ್‌ಗೆ ಇದ್ದ ಗಡುವೇ 1 ಮಿಲಿಸೆಕೆಂಡ್! ಆದ್ದರಿಂದ ಎಲ್ಲವನ್ನೂ ಚಿಪ್ ಒಳಗಿನ ಮೆಮೊರಿಯಾದ ರ್‍ಯಾಮ್‌ಗೇ ಬರೆದೆ. ಹೊರಗೆ ಕಳಿಸುವ ಕೆಲಸ ಎಲ್ಲಕ್ಕಿಂತ ಕೆಳಗಿನ ಪ್ರಯಾರಿಟಿಯ ಟಾಸ್ಕ್‌ಗೆ.

ಸರಾಸರಿ ಇಟ್ಟುಕೊಳ್ಳಲೇ ಇಲ್ಲ. ಲಕ್ಷ ಸಲ ಸರಿಯಾಗಿ ನಡೆದು ಹತ್ತು ಸಲ ತಡವಾದರೆ ಸರಾಸರಿಯಲ್ಲಿ ಆ ಹತ್ತು ಮುಳುಗಿಹೋಗುತ್ತವೆ. ಅತಿ ಹೆಚ್ಚಿನ ತಡ ಎಷ್ಟು, ಎಷ್ಟೆಷ್ಟು ತಡ ಎಷ್ಟೆಷ್ಟು ಸಲ ಆಯಿತು, ಇಷ್ಟೇ ಸಾಕು. ಇದರ ಜೊತೆಗೆ ಟಾಸ್ಕ್ ಬದಲಾದಾಗಲೆಲ್ಲ ಕರೆಯುವ ಟ್ರೇಸ್ ಮ್ಯಾಕ್ರೊದಲ್ಲಿ ಟಾಸ್ಕ್ ನಂಬರ್, ಸಮಯ ಎರಡನ್ನೂ ಒಂದು ರಿಂಗ್ ಬಫರ್‌ಗೆ (ತುಂಬಿದ ಮೇಲೆ ಹಳೆಯದರ ಮೇಲೇ ಬರೆಯುತ್ತಾ ಹೋಗುವ ಮೆಮೊರಿ) ಹಾಕಿದೆ. ಗಡುವು ಮೀರಿದ ಕೂಡಲೇ ಆ ಬಫರ್ ನಿಂತುಬಿಡುತ್ತದೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಜಾಸ್ತಿ ಬೆಲೆ ಇರುವುದು ಈ ಬಫರ್‌ಗೇ. ತಡವಾಯಿತು ಅಂತ ಗೊತ್ತಾದರೆ ಸಾಲದು, ಆಗ ಸಿಪಿಯು ಯಾರ ಕೈಯಲ್ಲಿತ್ತು ಅಂತ ತಿಳಿಯಬೇಕು.

ವರ್ಕ್‌ಶಾಪ್ ಟೇಬಲ್ ಮೇಲೆ ಗಡುವು ಒಮ್ಮೆಯೂ ಮೀರಲಿಲ್ಲ. ಮಿಲ್‌ನಲ್ಲಿ, ಪೂರ್ತಿ ಲೋಡ್ ಮೇಲೆ, ಆಪರೇಟರ್ ಸ್ಕ್ರೀನ್‌ನಲ್ಲಿ ಸೆನ್ಸಿಟಿವಿಟಿ ಬದಲಿಸಿದಾಗ ಬಫರ್ ನಿಂತಿತು. ಅದರಲ್ಲಿ ಕಂಡ ಸಾಲು ಇದು: ಸ್ಕ್ರೀನ್ ಟಾಸ್ಕ್ ಸೆಟ್ಟಿಂಗ್ ಟೇಬಲ್‌ನ ಸೆಮಫೋರ್ (ಒಂದು ಟಾಸ್ಕ್ ಹಿಡಿದಿರುವಾಗ ಬೇರೆಯವು ಕಾಯಬೇಕಾದ ಲಾಕ್) ಹಿಡಿದಿತ್ತು. ಇಂಟರಪ್ಟ್ ಬಂದು ವಾಲ್ವ್ ಟಾಸ್ಕ್ ಎದ್ದು ಅದೇ ಸೆಮಫೋರ್‌ಗೆ ಕಾಯುತ್ತಾ ನಿಂತಿತು. ಅಷ್ಟರಲ್ಲಿ ನಡುವಿನ ಪ್ರಯಾರಿಟಿಯ ಲಾಗ್ ಟಾಸ್ಕ್ ನುಗ್ಗಿ ಸ್ಕ್ರೀನ್ ಟಾಸ್ಕ್ ಅನ್ನು ಬದಿಗೆ ತಳ್ಳಿತು. ಲಾಗ್ ಮುಗಿಯುವ ತನಕ ಸೆಮಫೋರ್ ಬಿಡುಗಡೆ ಇಲ್ಲ, ವಾಲ್ವ್‌ಗೆ ದಾರಿ ಇಲ್ಲ. ಇದಕ್ಕೆ ಪ್ರಯಾರಿಟಿ ಇನ್ವರ್ಷನ್ ಅನ್ನುತ್ತಾರೆ. 1997ರಲ್ಲಿ ಮಂಗಳ ಗ್ರಹದ ಮೇಲೆ ಇಳಿದ ನಾಸಾದ ಪಾತ್‌ಫೈಂಡರ್ ಪದೇ ಪದೇ ರೀಸೆಟ್ ಆಗಿದ್ದೂ ಇದರಿಂದಲೇ. ಅಲ್ಲಿ ಪ್ರಯಾರಿಟಿ ಇನ್ಹೆರಿಟೆನ್ಸ್, ಅಂದರೆ ಲಾಕ್ ಹಿಡಿದ ಟಾಸ್ಕ್‌ಗೆ ಅದನ್ನು ಕಾಯುವ ಟಾಸ್ಕ್‌ನ ಪ್ರಯಾರಿಟಿ ಅಷ್ಟು ಹೊತ್ತು ಕೊಡುವುದು, ಆನ್ ಮಾಡಿ ಸರಿಪಡಿಸಿದರು.

ಫ್ರೀಆರ್‌ಟಿಒಎಸ್‌ನಲ್ಲಿ ಮ್ಯೂಟೆಕ್ಸ್ ಅನ್ನುವ ಲಾಕ್‌ಗೆ ಆ ಗುಣ ಇದೆ, ಬೈನರಿ ಸೆಮಫೋರ್‌ಗೆ ಇಲ್ಲ. ಮ್ಯೂಟೆಕ್ಸ್ ಹಾಕಿದರೂ ನಡೆಯುತ್ತಿತ್ತು. ಆದರೂ ಸ್ಕ್ರೀನ್ ಟಾಸ್ಕ್ ಬಿಡುವ ತನಕ ವಾಲ್ವ್ ಕಾಯಬೇಕು ಅನ್ನುವುದೇ ನನಗೆ ಒಪ್ಪಿಗೆಯಾಗಲಿಲ್ಲ. ಸೆಟ್ಟಿಂಗ್‌ಗೆ ಎರಡು ಪ್ರತಿ ಇಟ್ಟೆ. ಸ್ಕ್ರೀನ್ ಟಾಸ್ಕ್ ಖಾಲಿ ಪ್ರತಿಯಲ್ಲಿ ಬರೆದು, ಕೊನೆಗೆ ಪಾಯಿಂಟರ್ (ಯಾವ ಪ್ರತಿ ಬಳಸಬೇಕು ಅಂತ ತೋರಿಸುವ ವಿಳಾಸ) ಬದಲಿಸುತ್ತದೆ. ವಾಲ್ವ್ ಟಾಸ್ಕ್ ಶುರುವಿನಲ್ಲಿ ಪಾಯಿಂಟರ್ ಒಮ್ಮೆ ಓದಿ, ನಡುವೆ ಎಲ್ಲೂ ನಿಲ್ಲದೆ ಕೆಲಸ ಮುಗಿಸುತ್ತದೆ. ಲಾಕೇ ಬೇಡ. ಅದಾದ ಮೇಲೆ ಸೆಟ್ಟಿಂಗ್ ಎಷ್ಟು ಬದಲಿಸಿದರೂ ಗಡುವು ಮೀರಿಲ್ಲ.

ಅಳತೆಯ ಕೋಡ್ ತೆಗೆಯದೆ ಹಾಗೇ ಬಿಟ್ಟಿದ್ದೇನೆ. ಒಂದು ಅಳತೆಗೆ 1 ಮೈಕ್ರೋಸೆಕೆಂಡ್ ಕೂಡ ಹಿಡಿಯುವುದಿಲ್ಲ. ಅತಿ ಹೆಚ್ಚಿನ ತಡದ ಸಂಖ್ಯೆಯನ್ನು ಬ್ಯಾಟರಿ ಇರುವ ಬ್ಯಾಕಪ್ ಮೆಮೊರಿಯಲ್ಲಿ ಇಡುತ್ತೇನೆ, ಕರೆಂಟ್ ಹೋಗಿ ಬಂದರೂ ಅಳಿಯುವುದಿಲ್ಲ. ಸರ್ವಿಸ್ ಪೇಜ್‌ನಲ್ಲಿ ಅದು ಮೈಕ್ರೋಸೆಕೆಂಡ್‌ನಲ್ಲಿ ಕಾಣುತ್ತದೆ. ಮಿಲ್‌ನಿಂದ ಫೋನ್ ಬಂದರೆ ನಾನು ಮೊದಲು ಕೇಳುವುದು ಆ ಸಂಖ್ಯೆಯನ್ನೇ. 700 ದಾಟಿದ್ದರೆ ರಿಂಗ್ ಬಫರ್ ಕಳಿಸಿ ಅನ್ನುತ್ತೇನೆ. ಅದಕ್ಕಿಂತ ಕಡಿಮೆ ಇದ್ದರೆ ನಾಝಲ್‌ನಲ್ಲಿ ತೌಡು ಕಟ್ಟಿದೆಯಾ, ಕಂಪ್ರೆಸರ್ ಒತ್ತಡ ಇಳಿದಿದೆಯಾ ನೋಡಿಸುತ್ತೇನೆ.