ಅಮ್ಮನ ಜೊತೆ ಇಶಿಬುತಾಯ್‌ವರೆಗೆ

ಜಪಾನಿನ ಅಸುಕ ಸ್ಟೇಷನ್ನಿನಲ್ಲಿ ಇಳಿದ ತುಂಬಾ ಜನ ನೇರವಾಗಿ ಬಾಡಿಗೆ ಸೈಕಲ್ ಅಂಗಡಿಗೆ ಹೋಗುತ್ತಾರೆ. ನಾನೂ ಹಿಂದೆ ಎರಡು ಸಲ ಹಾಗೇ ಮಾಡಿದ್ದೆ. ಈ ಸಲ ಅಮ್ಮ ಜೊತೆಗಿದ್ದಳು. ಮಂಡ್ಯದಿಂದ ಒಸಾಕದ ನಮ್ಮ ಮನೆಗೆ ಬಂದು ಎರಡು ವಾರ ಆಗಿತ್ತು. ಅವಳಿಗೆ ಸೈಕಲ್ ಬರಲ್ಲ, ಮಂಡಿ ನೋವು ಬೇರೆ. "ಅವಸರ ಮಾಡ್ಬೇಡ ಮಗಾ, ನಿಧಾನಕ್ಕೆ ಎಷ್ಟು ದೂರ ಬೇಕಾದ್ರೂ ನಡೀತೀನಿ" ಅಂದಳು.

ಅಲ್ಲಿಂದ ಇಶಿಬುತಾಯ್ ಎಂಬ ದೊಡ್ಡ ಕಲ್ಲಿನ ಸಮಾಧಿಗೆ ಸುಮಾರು 3 ಕಿಲೋಮೀಟರ್. ನಮಗೆ ಮೂರು ಗಂಟೆ ಹಿಡಿಯಿತು.

ಒಸಾಕದ ಅಬೆನೊಬಾಶಿಯಿಂದ ಅಸುಕಕ್ಕೆ ಕಿಂತೆತ್ಸು ರೈಲಿನಲ್ಲಿ ಒಂದು ಗಂಟೆಯೂ ಬೇಡ. ನಾರಾ ಪ್ರಾಂತ್ಯದ ಈ ಹಳ್ಳಿ ಈಗ ಬರೀ ಗದ್ದೆ, ತೋಟ, ಹೆಂಚಿನ ಮನೆ. ಆದರೆ 7ನೇ ಶತಮಾನದಲ್ಲಿ ಜಪಾನಿನ ದೊರೆಗಳ ಅರಮನೆಗಳು ಹೆಚ್ಚಾಗಿ ಇದ್ದದ್ದು ಇಲ್ಲೇ. ನೋಡೋಕೆ ಜಾಗ ಬೇಕಾದಷ್ಟಿವೆ. 1972ರಲ್ಲಿ ಬಣ್ಣದ ಗೋಡೆಚಿತ್ರ ಸಿಕ್ಕಿದ ತಕಮತ್ಸುಜುಕ ಸಮಾಧಿ ದಿಬ್ಬವನ್ನು ಬೇಕಂತಲೇ ಬಿಟ್ಟೆವು. ಎಲ್ಲಾ ನೋಡಬೇಕು ಅಂತ ಹೊರಟರೆ ಯಾವುದನ್ನೂ ನೋಡಿದ ಹಾಗಾಗಲ್ಲ, ಅಲ್ವಾ?

ನಾವು ಹೋಗಿದ್ದು ಸೆಪ್ಟೆಂಬರ್ ಕೊನೆಯ ವಾರ. ಭತ್ತ ಹಳದಿಗೆ ತಿರುಗಿತ್ತು. ಗದ್ದೆಯ ಬದುವಿನ ಉದ್ದಕ್ಕೂ ಕೆಂಪು ಹೂವು. ಎಲೆಯೇ ಇಲ್ಲ. ನೆಲದಿಂದ ನೆಟ್ಟಗೆ ಎದ್ದ ಹಸಿರು ದಂಟು, ಅದರ ತುದಿಯಲ್ಲಿ ಹಿಂದಕ್ಕೆ ಬಾಗಿದ ಎಸಳು, ಅದರಾಚೆ ಚಾಚಿದ ಉದ್ದ ಕೇಸರಗಳು. ಹೆಸರು ಹಿಗನ್‌ಬನ. ಅಮ್ಮ ಕೂತು ನೋಡಿದಳು. "ಇದು ತಾನಾಗೇ ಬಂದಿದ್ದಲ್ಲ, ಯಾರೋ ಸಾಲಾಗಿ ನೆಟ್ಟಿದ್ದಾರೆ" ಅಂದಳು.

ಅವಳು ಹೇಳಿದ್ದು ಸರಿ. ಈ ಗಿಡದ ಗೆಡ್ಡೆ ವಿಷ. ಇಲಿ, ಹೆಗ್ಗಣದಂಥವು ಬದು ಕೊರೆದು ನೀರು ಸೋರಿಸಬಾರದು ಅಂತ ಹಿಂದಿನವರು ಬದುವಿಗೆ ಹಾಕುತ್ತಿದ್ದರು. "ನಮ್ಗೆ ಏಡಿ ಕಾಟ, ಇವ್ರಿಗೆ ಇಲಿ ಕಾಟ" ಅಂದಳು ಅಮ್ಮ. ಎರಡು ಸಲ ಸೈಕಲ್ಲಲ್ಲಿ ಹಾದುಹೋದಾಗ ನನಗೆ ಅದು ಸುಮ್ನೆ ಕೆಂಪು ಗೆರೆಯಾಗಿ ಕಂಡಿತ್ತು, ಅಷ್ಟೇ.

ಹಿಗನ್ ಅಂದರೆ ಹಗಲು ರಾತ್ರಿ ಸಮ ಆಗುವ ದಿನದ ಆಸುಪಾಸಿನ ಒಂದು ವಾರ. ಮನೆಯವರೆಲ್ಲ ಹಿರಿಯರ ಸಮಾಧಿಗೆ ಹೋಗಿ, ತೊಳೆದು, ಹೂ ಇಟ್ಟು ಬರುತ್ತಾರೆ. ಹೂವಿಗೆ ಅದೇ ಹೆಸರು. ನಮ್ಮ ಪಿತೃಪಕ್ಷವೂ ಹೆಚ್ಚುಕಮ್ಮಿ ಅದೇ ಕಾಲಕ್ಕೆ ಬರುತ್ತದೆ. ಅದನ್ನು ಹೇಳಿದ ಮೇಲೆ ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ದಾರಿಯಲ್ಲಿ ಕಮೆಇಶಿ, ಅಂದರೆ ಆಮೆ ಕಲ್ಲು. ಮನೆಗಳ ಪಕ್ಕದಲ್ಲೇ ಕೂತಿದೆ. ಅರ್ಧ ಮುಚ್ಚಿದ ಕಣ್ಣು, ಅಗಲ ಬಾಯಿ. ಯಾರು ಯಾಕೆ ಕೆತ್ತಿದರೋ ಗೊತ್ತಿಲ್ಲ. ಇದು ಮೆಲ್ಲಮೆಲ್ಲಗೆ ದಿಕ್ಕು ಬದಲಿಸುತ್ತಿದೆ, ಪಶ್ಚಿಮಕ್ಕೆ ತಿರುಗಿದ ದಿನ ಈ ಸೀಮೆಯೆಲ್ಲಾ ಕೆಸರಿನ ಸಮುದ್ರ ಆಗುತ್ತದೆ ಅಂತ ಊರವರ ಕಥೆ. ಆಮೇಲೆ ಸಿಕ್ಕಿದ್ದು ಆಳಿಲ್ಲದ ಹಣ್ಣಿನ ಗೂಡು. ಚೀಲದಲ್ಲಿ ಕಾಕಿ (ಪರ್ಸಿಮನ್) ಹಣ್ಣು, ಪಕ್ಕದಲ್ಲಿ ದುಡ್ಡಿನ ಡಬ್ಬಿ. 100 ಯೆನ್ ನಾಣ್ಯವನ್ನು ಅಮ್ಮನ ಕೈಯಲ್ಲೇ ಹಾಕಿಸಿದೆ. ಈ ದಾರಿಗೆ ಬರುವವರು ಚಿಲ್ಲರೆ ಇಟ್ಟುಕೊಳ್ಳಿ. ಕಸದ ಬುಟ್ಟಿ ಸಿಗೋದು ಕಷ್ಟ, ಒಂದು ಖಾಲಿ ಕವರೂ ಇರಲಿ.

ತಾಚಿಬಾನ ದೇವಾಲಯ ದಾಟಿದ ಮೇಲೆ ಸ್ವಲ್ಪ ಏರು. ಅಲ್ಲಿ ಎರಡು ಕಡೆ ಕೂತೆವು. ಆಮೇಲೆ ಹುಲ್ಲಿನ ಬಯಲು, ಅದರ ನಡುವೆ ಇಶಿಬುತಾಯ್. ಮೊದಲು ಮೇಲೆ ಮಣ್ಣಿನ ದಿಬ್ಬ ಇತ್ತಂತೆ, ಅದು ಯಾವಾಗಲೋ ಹೋಗಿ ಈಗ ಕಲ್ಲುಗಳಷ್ಟೇ ಉಳಿದಿವೆ. ಸುಮಾರು 30 ಕಲ್ಲು, ಒಟ್ಟು 2,300 ಟನ್ ಅನ್ನುತ್ತಾರೆ. ಚಾವಣಿಯ ದೊಡ್ಡ ಕಲ್ಲೊಂದೇ ಸುಮಾರು 77 ಟನ್. 1933ರಲ್ಲಿ ಅಗೆತ ಶುರುವಾದಾಗ ಒಳಗೆ ಶವಪೆಟ್ಟಿಗೆ ಇರಲಿಲ್ಲ. ಬೌದ್ಧ ಧರ್ಮಕ್ಕೆ ಇಲ್ಲಿ ಬೆಂಬಲವಾಗಿ ನಿಂತ, 626ರಲ್ಲಿ ತೀರಿಕೊಂಡ ಪ್ರಬಲ ಮಂತ್ರಿ ಸೊಗಾ ನೊ ಉಮಾಕೊನ ಸಮಾಧಿ ಇರಬೇಕು ಅಂತ ಬಹಳ ಜನ ನಂಬುತ್ತಾರೆ. ಖಚಿತ ಗುರುತು ಸಿಕ್ಕಿಲ್ಲ.

ಒಳಗೆ ಇಳಿಯಬಹುದು. ಅಮ್ಮ ಗೋಡೆ ಹಿಡಿದು, ಒಂದೊಂದೇ ಹೆಜ್ಜೆ ಇಟ್ಟು ಇಳಿದಳು. ಒಳಗೆ ತಂಪು. ಕಲ್ಲಿನ ಸಂದಿಗಳಿಂದ ಬಿಸಿಲು ಪಟ್ಟಿಪಟ್ಟಿಯಾಗಿ ನೆಲಕ್ಕೆ ಬಿದ್ದಿತ್ತು. ಅವಳು ತಲೆ ಎತ್ತಿ ಆ ಚಾವಣಿ ಕಲ್ಲನ್ನೇ ನೋಡಿದಳು.

"ಇದ್ನ ಹೆಂಗೆ ತಂದ್ರು?"

ಮರದ ಜಾರುಬಂಡಿ ಮೇಲೆ ಎಳೆದು ತಂದಿರಬೇಕು ಅಂದೆ. ಕವಲೊಡೆದ ದೊಡ್ಡ ಮರದಿಂದಲೇ ಮಾಡಿದ ಅಂಥದ್ದೊಂದು ಬಂಡಿ ಒಸಾಕದ ಫುಜಿಇದೆರದಲ್ಲಿ 1978ರಲ್ಲಿ ಮಣ್ಣಿನಡಿ ಸಿಕ್ಕಿದೆ. ಅದಕ್ಕೆ ಶುರಾ ಅನ್ನುತ್ತಾರೆ.

"ಎಳೆದೋರ ಸಮಾಧಿ ಎಲ್ಲಿದೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಮತ್ತೆ ಕೇಳಿದಳು, "ಇವ್ರಿಗೆ ಈಗ ಎಡೆ ಇಡೋರು ಯಾರು?" ಮಹಾಲಯ ಅಮಾವಾಸ್ಯೆಗೆ ಊರಲ್ಲಿ ಅಪ್ಪನಿಗೆ, ಅಜ್ಜಿಗೆ ಎಡೆ ಇಡೋದು ಅವಳೇ. ಆ ವರ್ಷ ನನಗೋಸ್ಕರ ಅದನ್ನು ತಂಗಿಗೆ ಒಪ್ಪಿಸಿ ಬಂದಿದ್ದಳು. ಕಲ್ಲಿಗೆ ಅಂಗೈ ಒತ್ತಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಕೈ ಮುಗಿದಳು. ನಾನೂ ಮುಗಿದೆ.

ಹೊರಗೆ ಹುಲ್ಲಿನ ಮೇಲೆ ಕೂತು ಡಬ್ಬಿಯ ಚಿತ್ರಾನ್ನ ತಿಂದೆವು. ಕಾಕಿ ಹಣ್ಣು ಹೆಚ್ಚೋಕೆ ಚಾಕು ಇರಲಿಲ್ಲ, ಹಾಗೇ ಕಚ್ಚಿದೆವು. ವಾಪಸ್ ಸ್ಟೇಷನ್ನಿಗೆ ಅಲ್ಲಿಂದಲೇ ಬಸ್ ಇದೆ. ಬಸ್ ಬರುವತನಕ ಅಮ್ಮ ತಂಗಿಗೆ ಫೋನ್ ಮಾಡಿ, ಎಡೆಗೆ ಏನೇನು ಮಾಡಬೇಕು ಅಂತ ಒಂದೊಂದಾಗಿ ಹೇಳುತ್ತಿದ್ದಳು.