ಅಪ್ಪ ವಿಲ್ ಬರೆದಿಟ್ಟಿಲ್ಲವೇ? ಖಾತೆಗೆ ಮುಂಚೆ ಮಾಡಬೇಕಾದ ಕೆಲಸಗಳಿವೆ

ತಿಥಿ ಮುಗಿದ ಮರುದಿನವೇ ಜಗಲಿ ಮೇಲೆ ಮಾತು ಶುರುವಾಗುತ್ತದೆ: 'ಖಾತೆ ಯಾರ ಹೆಸರಿಗೆ?' ಅದಕ್ಕೂ ಮುಂಚೆ ಕೇಳಬೇಕಾದ್ದು, ವಾರಸುದಾರರು ಯಾರ್ಯಾರು ಅಂತ. ಅಲ್ಲಿ ಬಿಟ್ಟುಹೋಗುವ ಹೆಸರು ಸಾಮಾನ್ಯವಾಗಿ ಎರಡು: ತೀರಿಕೊಂಡವರ ತಾಯಿ ಮತ್ತು ಮದುವೆಯಾಗಿ ಹೋದ ಹೆಣ್ಣುಮಕ್ಕಳು.

ಮೊದಲು ಮರಣ ಪ್ರಮಾಣಪತ್ರ. ಸಾವನ್ನು 21 ದಿನದೊಳಗೆ ನೋಂದಾಯಿಸಿ, ನಾಲ್ಕೈದು ಪ್ರತಿ ತೆಗೆದಿಟ್ಟುಕೊಳ್ಳಿ. ಹೆಸರನ್ನು ಅಕ್ಷರ ಅಕ್ಷರ ನೋಡಿ. ಪಹಣಿಯಲ್ಲಿ 'ರಾಮಪ್ಪ', ಆಧಾರ್‌ನಲ್ಲಿ 'ರಾಮಯ್ಯ' ಅಂತಿದ್ದರೆ ಮುಂದೆ ಪ್ರತಿ ಕೌಂಟರಿನಲ್ಲೂ ಅದೇ ಪ್ರಶ್ನೆ. ಜೊತೆಗೆ ಟ್ರಂಕು, ಬೀರು ಹುಡುಕಿ, ನಿಜವಾಗಿಯೂ ವಿಲ್ ಇಲ್ಲವಾ ಅಂತ ಖಾತ್ರಿ ಮಾಡಿಕೊಳ್ಳಿ. ವಿಲ್ ನೋಂದಣಿ ಆಗಿರಲೇಬೇಕು ಅಂತೇನಿಲ್ಲ. ಹಾಳೆಯ ಮೇಲೆ ಬರೆದು, ಸಹಿ ಮಾಡಿ, ಇಬ್ಬರು ಸಾಕ್ಷಿ ಹಾಕಿಸಿದ್ದರೂ ಅದು ವಿಲ್ಲೇ.

ಎರಡನೆಯದು, ಆಸ್ತಿ ಅಪ್ಪನಿಗೆ ಎಲ್ಲಿಂದ ಬಂತು ಅನ್ನೋದು. ಸ್ವಂತ ದುಡಿಮೆಯದಾದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಎಲ್ಲರಿಗೂ ಸಮಪಾಲು. ಲಿಂಗಾಯತರು, ಜೈನರು, ಬೌದ್ಧರು, ಸಿಖ್ಖರಿಗೂ ಇದೇ ಕಾಯ್ದೆ. ಕ್ರೈಸ್ತರಿಗೆ 1925ರ ಕಾಯ್ದೆ ಇದೆ: ಹೆಂಡತಿಗೆ ಮೂರನೇ ಒಂದು ಭಾಗ, ಉಳಿದದ್ದು ಮಕ್ಕಳಿಗೆ. ಮುಸ್ಲಿಮರಿಗೆ ಅವರ ವೈಯಕ್ತಿಕ ಕಾನೂನು.

ಒಂದು ಲೆಕ್ಕ ನೋಡಿ. ಎರಡು ಎಕರೆ ಇಪ್ಪತ್ತು ಗುಂಟೆ ಜಮೀನು, ಅಂದರೆ 100 ಗುಂಟೆ. ಹೆಂಡತಿ, ತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಇದ್ದಾರೆ. ತಲೆಗೆ 20 ಗುಂಟೆ. ಒಬ್ಬ ಮಗ ಮೊದಲೇ ತೀರಿಹೋಗಿದ್ದರೆ ಅವನ ಆ 20 ಗುಂಟೆ ಅವನ ಹೆಂಡತಿ ಮಕ್ಕಳಿಗೆ ಸೇರುತ್ತದೆ. ತೀರಿಕೊಂಡವರ ತಂದೆ ಬದುಕಿದ್ದರೆ ಅವರಿಗೆ ಈ ಸಾಲಿನಲ್ಲಿ ಪಾಲಿಲ್ಲ, ತಾಯಿಗೆ ಇದೆ. ತುಂಬ ಜನಕ್ಕೆ ಇದು ಗೊತ್ತೇ ಇಲ್ಲ.

ನಮ್ಮ ಮನೆಯಲ್ಲೂ ಗೊತ್ತಿರಲಿಲ್ಲ. ದೊಡ್ಡಪ್ಪ ತೀರಿಕೊಂಡಾಗ ಅಜ್ಜಿ ಬದುಕಿದ್ದರು. 'ಈ ವಯಸ್ಸಲ್ಲಿ ಅವರಿಗ್ಯಾಕೆ' ಅಂತ ವಂಶವೃಕ್ಷದಲ್ಲಿ ಅವರ ಹೆಸರು ಬಿಟ್ಟರು. ಎಷ್ಟೋ ವರ್ಷದ ಮೇಲೆ ಸೈಟು ಮಾರಲು ಹೋದಾಗ, ಕೊಳ್ಳುವವರ ವಕೀಲರು ಕಾಗದ ನೋಡಿ ಕೇಳಿದ ಮೊದಲ ಮಾತು, 'ತಾಯಿ ಆಗ ಇದ್ದರಾ?' ಅಷ್ಟರಲ್ಲಿ ಅಜ್ಜಿಯೂ ಇರಲಿಲ್ಲ. ಅವರ ಪಾಲು ಅವರ ಉಳಿದ ಮಕ್ಕಳಿಗೂ ಬಂದಿತ್ತು. ಚಿಕ್ಕಪ್ಪಂದಿರು, ಅತ್ತೆಯರು ಎಲ್ಲರ ಸಹಿ ಕೂಡಿಸುವಷ್ಟರಲ್ಲಿ ಆ ವ್ಯಾಪಾರವೇ ಬಿದ್ದುಹೋಯಿತು.

ಪಿತ್ರಾರ್ಜಿತ ಆಸ್ತಿಯಾದರೆ ಮೊದಲು ಅಪ್ಪನ ಪಾಲನ್ನು ಬೇರೆ ಮಾಡಿ, ಅದನ್ನಷ್ಟೇ ಮೇಲಿನಂತೆ ಹಂಚಬೇಕು. ಅಲ್ಲಿ ಮಗಳಿಗೆ ಮಗನ ಹಾಗೆ ಹುಟ್ಟಿನಿಂದಲೇ ಹಕ್ಕಿದೆ. ಈ ಹಕ್ಕು ಕೊಟ್ಟ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಜಾರಿಯಾದಾಗ ಅಪ್ಪ ಬದುಕಿರದಿದ್ದರೂ ಈ ಹಕ್ಕು ಇದೆ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಆಸ್ತಿ ವಿಭಾಗಗಳನ್ನು ಈ ಹಕ್ಕಿನ ಮೇಲೆ ಮತ್ತೆ ತೆಗೆಯುವಂತಿಲ್ಲ. ಈ ಲೆಕ್ಕ ಸಿಕ್ಕಲು ಸಿಕ್ಕಲಾಗಿರುತ್ತದೆ, ವಕೀಲರ ಹತ್ತಿರವೇ ಮಾಡಿಸಿ.

ಅಮ್ಮನ ಆಸ್ತಿ ಗಂಡನಿಗೂ ಮಕ್ಕಳಿಗೂ ಸಮಪಾಲು. ಮಕ್ಕಳು, ಮೊಮ್ಮಕ್ಕಳು ಯಾರೂ ಇಲ್ಲದಿದ್ದರೆ, ತವರಿನಲ್ಲಿ ತಂದೆ ತಾಯಿಯಿಂದ ವಾರಸಾಗಿ ಬಂದ ಆಸ್ತಿ ತಂದೆಯ ವಾರಸುದಾರರಿಗೇ ಹೋಗುತ್ತದೆ, ಗಂಡನಿಗೆ ಬರುವುದಿಲ್ಲ.

ಇನ್ನು ವಂಶವೃಕ್ಷ. ಅಫಿಡವಿಟ್, ಆಧಾರ್, ಮರಣ ಪ್ರಮಾಣಪತ್ರ ಹಿಡಿದು ನಾಡಕಚೇರಿಯಲ್ಲಿ ಅರ್ಜಿ ಕೊಡಿ. ದೂರದ ಊರಿಗೆ ಕೊಟ್ಟ ಅಕ್ಕನ ಹೆಸರನ್ನೂ ಬರೆಸಿ. ಅವಳಿಗೆ ಪಾಲು ಬೇಡ ಅಂತಿದ್ದರೆ ಅದನ್ನು ಅವಳೇ ಹೇಳಬೇಕು. ಆಮೇಲೆ ಜಮೀನಿಗೆ ಪೌತಿ ಖಾತೆಯ ಅರ್ಜಿ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸಲು. ನೋಟಿಸ್ ಹೊರಟ ಮೇಲೆ ತಕರಾರಿಗೆ ಕಾಲಾವಕಾಶ ಇರುತ್ತದೆ. ಊರಿನ ಮನೆಗೆ ಗ್ರಾಮ ಪಂಚಾಯಿತಿ, ಪಟ್ಟಣದಲ್ಲಾದರೆ ನಗರಸಭೆ ಅಥವಾ ಪಾಲಿಕೆ. ಎಲ್ಲರ ಹೆಸರಿಗೂ ಜಂಟಿ ಖಾತೆ ಮಾಡಿಸುವುದು ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ. ಒಬ್ಬನ ಹೆಸರಿಗೆ ಖಾತೆಯಾದ ಮಾತ್ರಕ್ಕೆ ಉಳಿದವರ ಹಕ್ಕೇನೂ ಹೋಗುವುದಿಲ್ಲ, ಜಗಳ ಮಾತ್ರ ಹುಟ್ಟುತ್ತದೆ.

ಬ್ಯಾಂಕಿನ ದುಡ್ಡನ್ನು ನಾಮಿನಿ ತೆಗೆದುಕೊಳ್ಳಬಹುದು, ಆದರೆ ಅದು ವಾರಸುದಾರರೆಲ್ಲರಿಗೂ ಸೇರಿದ್ದು. ನಾಮಿನಿ ಇಲ್ಲದೆ ದೊಡ್ಡ ಮೊತ್ತವಿದ್ದರೆ ಸಿವಿಲ್ ಕೋರ್ಟಿನಿಂದ ಉತ್ತರಾಧಿಕಾರ ಪ್ರಮಾಣಪತ್ರ ತರಬೇಕಾಗಬಹುದು.

ಕೊನೆಗೆ ಪಾಲು. ಹಂಚಿಕೊಳ್ಳುವುದಾದರೆ ವಿಭಾಗ ಪತ್ರ, ಯಾರಾದರೂ ಬಿಟ್ಟುಕೊಡುವುದಾದರೆ ಹಕ್ಕು ಬಿಡುಗಡೆ ಪತ್ರ. ಎರಡನ್ನೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಬಿಳಿ ಹಾಳೆ ಮೇಲೆ ಬರೆದ ಬಿಡುಗಡೆ ನಿಲ್ಲುವುದಿಲ್ಲ. ಮೈನರ್ ಮಕ್ಕಳ ಪಾಲು ಬಿಟ್ಟುಕೊಡಲು ಕೋರ್ಟಿನ ಅನುಮತಿ ಬೇಕು. ತಂಗಿ ಸಹಿ ಹಾಕುವುದಾದರೆ ಹಿಂದಿನ ದಿನವೇ ಪತ್ರವನ್ನು ಅವಳ ಕೈಗೆ ಕೊಡಿ, ಮನೆಯಲ್ಲಿ ಕೂತು ಓದಲಿ. ಅರಿಶಿನ ಕುಂಕುಮಕ್ಕೆ ಕರೆದು ಸುಮ್ನೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಅನ್ಯಾಯ. ನೋಂದಣಿಯಾದ ಬಿಡುಗಡೆ ಪತ್ರವನ್ನು ಮನಸ್ಸು ಬದಲಾಯಿತು ಅಂತ ಅವಳು ವಾಪಸ್ ಪಡೆಯಲು ಆಗುವುದಿಲ್ಲ.