ಅಧಿವೇಶನದ ಗಡುವುಗಳನ್ನು ನಾನು ಲೆಕ್ಕವಿಡುವ ಬಗೆ

ಶಾಸಕರೊಬ್ಬರ ಕಚೇರಿಯಲ್ಲಿ ಸದನದ ಕೆಲಸ ನೋಡಿಕೊಳ್ಳುವ ನನಗೆ, ವಿಧಾನಮಂಡಲದ ಅಧಿವೇಶನವು ಸಮನ್ಸ್ (ಅಧಿವೇಶನಕ್ಕೆ ಕರೆಯುವ ಪತ್ರ) ಕೈಸೇರಿದ ದಿನವೇ ಶುರುವಾಗುತ್ತದೆ. ತಾತ್ಕಾಲಿಕ ಕಾರ್ಯಕ್ರಮ ಪಟ್ಟಿಗಿಂತ ಮೊದಲು ನಾನು ಪ್ರಶ್ನೆಗಳ ವೇಳಾಪಟ್ಟಿಯನ್ನು ನೋಡುತ್ತೇನೆ. ಯಾವ ದಿನ ಯಾವ ಇಲಾಖೆಗಳ ಸರದಿ, ಆ ದಿನದ ಉತ್ತರಕ್ಕಾಗಿ ಪ್ರಶ್ನೆಯ ಲಿಖಿತ ಸೂಚನೆ ತಲುಪಿಸಲು ಕೊನೆಯ ದಿನ ಯಾವುದು ಎಂಬುದೇ ನಮ್ಮ ಇಡೀ ಕೆಲಸವನ್ನು ನಿರ್ಧರಿಸುತ್ತದೆ. ಮೊದಲ ದಿನಗಳ ಪ್ರಶ್ನೆಗಳ ಗಡುವು ಸದನ ಸೇರುವ ಮುನ್ನವೇ ಮುಗಿದಿರುತ್ತದೆ. ಕಲಾಪ ಆರಂಭವಾದ ಮೇಲೆ ಅರ್ಜಿ ಹಿಡಿದು ಬರುವವರ ವಿಷಯವನ್ನು ಮಂತ್ರಿಗಳ ಗಮನ ಸೆಳೆಯುವ ಸೂಚನೆಗೋ, ತುರ್ತು ವಿಷಯ ಎತ್ತುವ ಶೂನ್ಯ ವೇಳೆಗೋ ಸೇರಿಸಬಹುದು. ಆದರೆ ಮಂತ್ರಿಗಳಿಂದ ಅಂಕಿಅಂಶ ಪಡೆದು, ಅದರ ಮೇಲೆ ಉಪಪ್ರಶ್ನೆ ಕೇಳಲು, ಸದನದಲ್ಲಿ ಮೌಖಿಕ ಉತ್ತರ ಸಿಗುವ ಚುಕ್ಕೆ ಗುರುತಿನ ಪ್ರಶ್ನೆಗೆ ಸಮನಾದ ದಾರಿಯಿಲ್ಲವೆಂಬುದು ನನ್ನ ದೃಢ ಅಭಿಪ್ರಾಯ.

ಆದ್ದರಿಂದ ಉತ್ತರದ ದಿನದಿಂದ ಹಿಂದಕ್ಕೆ ಎಣಿಸುತ್ತೇನೆ. ಕೆರೆಯ ಹೂಳೆತ್ತುವ ಕಾಮಗಾರಿಯ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಅಚ್ಚುಕಟ್ಟು (ಕೆರೆಯಿಂದ ನೀರುಣ್ಣುವ ಜಮೀನು) 40 ಹೆಕ್ಟೇರ್ ಮೀರಿದ ಕೆರೆಗಳು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ, ಅದಕ್ಕಿಂತ ಚಿಕ್ಕವು ಪಂಚಾಯತ್ ರಾಜ್ ವ್ಯವಸ್ಥೆಗೆ. ಇಲಾಖೆ ತಪ್ಪಿದರೆ ಉತ್ತರದ ದಿನವೂ ತಪ್ಪುತ್ತದೆ, ಅಷ್ಟರಲ್ಲಿ ಸರಿಯಾದ ಇಲಾಖೆಯ ಗಡುವು ದಾಟಿರಲೂಬಹುದು. ‘ಕಾಮಗಾರಿ ವಿಳಂಬವೇಕೆ’ ಎಂದಷ್ಟೇ ಬರೆದರೆ ‘ಪ್ರಗತಿಯಲ್ಲಿದೆ’ ಎಂಬ ಉತ್ತರ ಬರುವುದು ಸಹಜ. ಮಂಜೂರಾದ ಮೊತ್ತವೆಷ್ಟು, ಬಿಡುಗಡೆಯಾದದ್ದೆಷ್ಟು, ಕರಾರಿನ ಪ್ರಕಾರ ಮುಗಿಯಬೇಕಾದ ದಿನಾಂಕ ಯಾವುದು ಎಂದು ಅ, ಆ, ಇ ಎಂದು ಬಿಡಿಸಿ ಬರೆದರೆ ಇಲಾಖೆ ಒಂದೊಂದಕ್ಕೂ ಉತ್ತರಿಸಬೇಕಾಗುತ್ತದೆ.

ಇವು ಪ್ರತಿ ಅಧಿವೇಶನಕ್ಕೂ ಬದಲಾಗುವ ದಿನಾಂಕಗಳು. ಸಂವಿಧಾನವೇ ವಿಧಿಸಿರುವ ಗಡುವುಗಳನ್ನು ಬೇರೆ ಪುಟದಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಸದನ ಸೇರದಿದ್ದಾಗ ರಾಜ್ಯಪಾಲರು ಹೊರಡಿಸುವ ಸುಗ್ರೀವಾಜ್ಞೆಯ ಬದಲಿಗೆ ವಿಧೇಯಕ ಅಂಗೀಕಾರವಾಗದಿದ್ದರೆ ವಿಧಾನಮಂಡಲ ಮತ್ತೆ ಸೇರಿದ 6 ವಾರಗಳಿಗೆ ಅದು ಕೊನೆಗೊಳ್ಳುತ್ತದೆ; ಎರಡು ಸದನಗಳು ಬೇರೆ ಬೇರೆ ದಿನ ಸೇರಿದರೆ ತಡವಾಗಿ ಸೇರಿದ ದಿನದಿಂದ ಎಣಿಸಬೇಕು. ತೆರಿಗೆ, ಸರ್ಕಾರಿ ವೆಚ್ಚದಂಥ ವಿಷಯಗಳಷ್ಟೇ ಇರುವ ಧನ ವಿಧೇಯಕವನ್ನು ವಿಧಾನ ಪರಿಷತ್ತು 14 ದಿನಗಳೊಳಗೆ ಹಿಂದಿರುಗಿಸಬೇಕು. ಇತರ ವಿಧೇಯಕಗಳಿಗೆ ಅಲ್ಲಿ ಮೊದಲ ಬಾರಿಗೆ 3 ತಿಂಗಳು, ವಿಧಾನಸಭೆ ಮತ್ತೆ ಅಂಗೀಕರಿಸಿ ಕಳುಹಿಸಿದಾಗ 1 ತಿಂಗಳು ಅವಕಾಶವಿದೆ. ಮಾರ್ಚ್ 31ರೊಳಗೆ ಖಜಾನೆಯಿಂದ ಹಣ ತೆಗೆಯಲು ಒಪ್ಪಿಗೆ ನೀಡುವ ಧನವಿನಿಯೋಗ ವಿಧೇಯಕ ಮುಗಿಯುವುದೋ, ಇಲ್ಲವೇ ಲೇಖಾನುದಾನ (ಕೆಲವು ತಿಂಗಳ ವೆಚ್ಚಕ್ಕೆ ಮುಂಗಡ ಒಪ್ಪಿಗೆ) ಪಡೆಯುವರೋ ಎಂಬುದರ ಮೇಲೆ ಇಲಾಖಾವಾರು ಅನುದಾನ ಬೇಡಿಕೆಗಳ ಚರ್ಚೆಗೆ ಸಿಗುವ ಸಮಯ ನಿಂತಿರುತ್ತದೆ. ಆ ಚರ್ಚೆ ಒಂದೆರಡು ದಿನಕ್ಕೆ ಕುಗ್ಗಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ, ಏಕೆಂದರೆ ಜನರ ಹಣದ ವಿವರ ಕೇಳಲು ಅದಕ್ಕಿಂತ ಒಳ್ಳೆಯ ಅವಕಾಶ ವರ್ಷದಲ್ಲಿ ಮತ್ತೆ ಬರುವುದಿಲ್ಲ.

ಸದನದ ಸಮಯ ಹಂಚುವ ಕಲಾಪ ಸಲಹಾ ಸಮಿತಿ ಕಾರ್ಯಕ್ರಮವನ್ನು ಬದಲಿಸಬಹುದಾದ್ದರಿಂದ ಪ್ರತಿ ಸಂಜೆ ಮರುದಿನದ ಪಟ್ಟಿಯನ್ನು ನನ್ನ ಕೋಷ್ಟಕದೊಂದಿಗೆ ಹೋಲಿಸುತ್ತೇನೆ. ಸದನವನ್ನು ಅನಿರ್ದಿಷ್ಟ ಕಾಲ ಮುಂದೂಡಿದ ಬಳಿಕ ಕೊನೆಯ ಉಪವೇಶನದ (ಸದನ ಸೇರಿದ ದಿನದ) ದಿನಾಂಕವನ್ನು ಹೊಸ ಪುಟದ ತಲೆಯಲ್ಲಿ ಬರೆಯುತ್ತೇನೆ. ಸಂವಿಧಾನದ 174ನೇ ವಿಧಿಯ ಪ್ರಕಾರ ಮುಂದಿನ ಅಧಿವೇಶನದ ಮೊದಲ ಉಪವೇಶನ ಅಲ್ಲಿಂದ 6 ತಿಂಗಳೊಳಗೆ ನಡೆಯಲೇಬೇಕು; ಆದ್ದರಿಂದ ಉತ್ತರ ಸಿಗದೆ ಉಳಿದ ವಿಷಯಗಳ ಹೊಸ ಕರಡುಗಳನ್ನು ಅದೇ ಪುಟದ ಕೆಳಗೆ ಜೋಡಿಸತೊಡಗುತ್ತೇನೆ.